ನೆಲ ಕಂಡರೂ ಇಳಿಯದ ವಿಮಾನ

ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ನಾಲ್ಕರ ಮೇಲೆ ಹೈದರಾಬಾದ್‌ಗೆ ಬಂದಿಳಿಯುವವರಿಗೆ ಈ ಅನುಭವ ಆಗಿಯೇ ಇರುತ್ತದೆ. ಊರಿನ ಹಪ್ಪಳ, ಉಪ್ಪಿನಕಾಯಿ, ಹಲಸಿನ ಚಿಪ್ಸ್ ತುಂಬಿಕೊಂಡು ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ಹೊರಟ ವಿಮಾನ ಮುಕ್ಕಾಲು ದಾರಿ ಹಾಯಾಗಿ ಬಂದಿರುತ್ತದೆ. ಇನ್ನು ಹದಿನೈದು ನಿಮಿಷ ಎನ್ನುವಾಗ ಸೀಟ್ ಬೆಲ್ಟ್ ದೀಪ ಹೊತ್ತಿಕೊಳ್ಳುತ್ತದೆ. ಕಿಟಕಿಯಾಚೆ ದಕ್ಕನ್ ಪ್ರಸ್ಥಭೂಮಿಯ ಕೆಂಪು ನೆಲ, ಅದರ ಮೇಲೆ ಹೂಕೋಸಿನಂತೆ ಎದ್ದು ನಿಂತ ಮೋಡ. ಅಲ್ಲಿಂದ ಶುರು ಕುಲುಕಾಟ. ಘಾಟಿ ರಸ್ತೆಯ ಗುಂಡಿಗೆ ಬಿದ್ದ ಬಸ್ಸಿನ ಹಾಗೆ ಒಮ್ಮೆ ಕೆಳಕ್ಕೆ, ಒಮ್ಮೆ ಪಕ್ಕಕ್ಕೆ. ಪಕ್ಕದ ಸೀಟಿನವರು ಕಣ್ಣು ಮುಚ್ಚಿ ದೇವರ ಹೆಸರು ಹೇಳತೊಡಗುತ್ತಾರೆ. ರನ್‌ವೇ ಕಾಣಿಸಿತು, ಇನ್ನೇನು ಚಕ್ರ ನೆಲಕ್ಕೆ ತಾಗಬೇಕು, ಅಷ್ಟರಲ್ಲಿ ಎಂಜಿನ್ ಜೋರಾಗಿ ಆರ್ಭಟಿಸಿ ವಿಮಾನ ಮತ್ತೆ ಮೂತಿ ಎತ್ತಿ ಆಕಾಶಕ್ಕೆ ಏರಿಬಿಡುತ್ತದೆ.

ಆ ಕ್ಷಣದಲ್ಲಿ ಹೆಚ್ಚಿನವರು ಅಂದುಕೊಳ್ಳುವುದು ಒಂದೇ: ಏನೋ ದೊಡ್ಡ ಎಡವಟ್ಟಾಗಿದೆ. ನಿಜ ಹೇಳಬೇಕೆಂದರೆ ಎಡವಟ್ಟು ಆಗದಂತೆ ತಡೆಯುವ ಕೆಲಸ ಆಗ ನಡೆದಿರುತ್ತದೆ. ಹೈದರಾಬಾದ್‌ನಲ್ಲಿ ಕೆಲಸ, ಪುತ್ತೂರಿನಲ್ಲಿ ಮನೆ ಇರುವ ನನ್ನಂಥವನಿಗೆ ವರ್ಷಕ್ಕೆ ಏಳೆಂಟು ಬಾರಿ ಈ ದಾರಿಯ ಓಡಾಟ ತಪ್ಪದು. ಸಾಫ್ಟ್‌ವೇರ್ ಕೆಲಸದವನಾದ್ದರಿಂದ ಯಂತ್ರ ಎಚ್ಚರಿಕೆ ಕೊಡುವುದು ಹೇಗೆ, ಮನುಷ್ಯ ಅದನ್ನು ಕೇಳುವುದು ಹೇಗೆ ಎಂಬ ಕುತೂಹಲವೂ ಸೇರಿಕೊಂಡಿತು. ಓದಿ, ಕೇಳಿ ತಿಳಿದುಕೊಂಡಿದ್ದನ್ನು ಹೊರನಾಡಿನಿಂದ ಊರಿಗೆ ಹಾರಾಡುವ ನಿಮ್ಮೆಲ್ಲರ ಜೊತೆ ಹಂಚಿಕೊಳ್ಳುತ್ತಿದ್ದೇನೆ.

ಕುಲುಕಾಟ ಬೇರೆ, ವಿಂಡ್‌ಶಿಯರ್ ಬೇರೆ

ಮೊದಲು ಕುಲುಕಾಟದ ವಿಷಯ. ಬೇಸಿಗೆಯ ಮಧ್ಯಾಹ್ನ ಬಂಡೆ, ಡಾಂಬರು, ಕಾಂಕ್ರೀಟು ಕಾದು ಬಿಸಿಗಾಳಿ ಮೇಲಕ್ಕೇಳುತ್ತದೆ. ಪಕ್ಕದಲ್ಲೇ ಕೆರೆಯೋ ಹಸಿರು ಹೊಲವೋ ಇದ್ದರೆ ಅಲ್ಲಿ ಗಾಳಿ ಅಷ್ಟಾಗಿ ಏಳುವುದಿಲ್ಲ. ಹೀಗೆ ಏರುವ, ಇಳಿಯುವ ಗಾಳಿಯ ಕಂಬಗಳ ನಡುವೆ ವಿಮಾನ ಹಾದುಹೋಗುವಾಗ ಆಗುವ ಜಗ್ಗಾಟವನ್ನೇ ನಾವು ಟರ್ಬುಲೆನ್ಸ್ ಎನ್ನುತ್ತೇವೆ. ಬೆಳಗಿನ ವಿಮಾನಗಳಲ್ಲಿ ಇದು ಕಡಿಮೆ, ಸಂಜೆಯ ಹೊತ್ತಿಗೆ ಜಾಸ್ತಿ ಎಂಬುದಕ್ಕೆ ಇದೇ ಕಾರಣ.

ಇದರಿಂದ ರೆಕ್ಕೆ ಮುರಿದೀತು ಎಂಬ ಭಯ ಬೇಡ. ಸೇವೆಯಲ್ಲಿ ಎದುರಾಗಬಹುದಾದ ಅತಿ ಹೆಚ್ಚಿನ ಹೊರೆಯನ್ನು ಲೆಕ್ಕ ಹಾಕಿ, ಅದರ ಒಂದೂವರೆ ಪಟ್ಟು ಹೊರೆಯನ್ನು ತಡೆಯಬಲ್ಲದು ಎಂದು ಸಾಬೀತಾದ ಮೇಲೆಯೇ ವಿಮಾನದ ವಿನ್ಯಾಸಕ್ಕೆ ಪ್ರಮಾಣಪತ್ರ ಸಿಗುತ್ತದೆ. ರೆಕ್ಕೆ ಬಾಗುವುದು ಕಂಡರೆ ಅದು ಬಾಗಲೆಂದೇ ಮಾಡಿದ್ದು. ಕುಲುಕಾಟದಲ್ಲಿ ಪೆಟ್ಟಾಗುವುದು ವಿಮಾನಕ್ಕಲ್ಲ, ಬೆಲ್ಟ್ ಹಾಕದೆ ಕುಳಿತವರಿಗೆ ಮತ್ತು ನಡೆದಾಡುತ್ತಿರುವ ಸಿಬ್ಬಂದಿಗೆ. 2022ರ ಮೇ 1ರಂದು ಮುಂಬೈನಿಂದ ಪಶ್ಚಿಮ ಬಂಗಾಳದ ದುರ್ಗಾಪುರಕ್ಕೆ ಇಳಿಯುತ್ತಿದ್ದ ಸ್ಪೈಸ್‌ಜೆಟ್ ವಿಮಾನ ಬಿರುಗಾಳಿಯ ಮೋಡಕ್ಕೆ ಸಿಕ್ಕಾಗ ಹಲವರಿಗೆ ತಲೆ, ಬೆನ್ನಿಗೆ ಗಾಯಗಳಾದವು. ವಿಮಾನವೇನೋ ಇಳಿಯಿತು. 2024ರ ಮೇ 21ರಂದು ಲಂಡನ್‌ನಿಂದ ಸಿಂಗಪುರಕ್ಕೆ ಹೊರಟಿದ್ದ ಸಿಂಗಪುರ ಏರ್‌ಲೈನ್ಸ್ ವಿಮಾನದಲ್ಲಿ ಒಬ್ಬ ಪ್ರಯಾಣಿಕರು ತೀರಿಕೊಂಡರು, ಅನೇಕರು ಚಾವಣಿಗೆ ಬಡಿದು ಗಾಯಗೊಂಡರು. ಅದು ಕೂಡ ಬ್ಯಾಂಕಾಕ್‌ನಲ್ಲಿ ಸುರಕ್ಷಿತವಾಗಿ ಇಳಿಯಿತು.

ಪೈಲಟ್‌ಗಳು ನಿಜವಾಗಿ ಹೆದರುವುದು ವಿಂಡ್‌ಶಿಯರ್‌ಗೆ. ಕಡಿಮೆ ದೂರದಲ್ಲಿ ಗಾಳಿಯ ವೇಗವೋ ದಿಕ್ಕೋ ದಿಢೀರನೆ ಬದಲಾಗುವುದಕ್ಕೆ ಈ ಹೆಸರು. ಮೂವತ್ತು ಸಾವಿರ ಅಡಿ ಮೇಲೆ ಹೀಗಾದರೆ ಸರಿಪಡಿಸಿಕೊಳ್ಳಲು ಎತ್ತರವಿದೆ, ಸಮಯವಿದೆ. ಇಳಿಯುವಾಗ ಎರಡೂ ಇರುವುದಿಲ್ಲ. ಸಾವಿರ ಅಡಿ ಎತ್ತರದಲ್ಲಿರುವ ವಿಮಾನ ರನ್‌ವೇಯಿಂದ ಸುಮಾರು ಆರು ಕಿಲೋಮೀಟರ್ ದೂರದಲ್ಲಿರುತ್ತದೆ. ನೆಲ ಮುಟ್ಟಲು ಉಳಿದಿರುವುದು ಒಂದೂವರೆ ನಿಮಿಷಕ್ಕೂ ಕಡಿಮೆ.

ಗಾಳಿ ಹೂಡುವ ಸಂಚು

ಸ್ವಲ್ಪ ಲೆಕ್ಕ ನೋಡೋಣ, ಕಷ್ಟದ್ದೇನಲ್ಲ. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಯ ಮೇಲೆ ಹರಿಯುವ ಗಾಳಿ. ನೆಲದ ಮೇಲೆ ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂಬುದಕ್ಕಿಂತ, ಗಾಳಿಯಲ್ಲಿ ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂಬುದು ಮುಖ್ಯ. ಒಂದು ವಿಮಾನ ಗಾಳಿಯಲ್ಲಿ ಗಂಟೆಗೆ 250 ಕಿ.ಮೀ. ವೇಗದಲ್ಲಿ ಇಳಿಯುತ್ತಿದೆ ಎನ್ನಿ. ಎದುರಿನಿಂದ 40 ಕಿ.ಮೀ. ವೇಗದ ಗಾಳಿ ಬೀಸುತ್ತಿದೆ. ಹಾಗಾದರೆ ನೆಲದ ಲೆಕ್ಕದಲ್ಲಿ ಅದರ ವೇಗ 210. ಈಗ ಎದುರುಗಾಳಿ ಕೆಲವೇ ಸೆಕೆಂಡುಗಳಲ್ಲಿ ತಿರುಗಿ ಅಷ್ಟೇ ಜೋರಾಗಿ ಬೆನ್ನ ಹಿಂದಿನಿಂದ ಬೀಸತೊಡಗಿದರೆ? ಅರವತ್ತು ಟನ್ ತೂಗುವ ವಿಮಾನ ಅಷ್ಟು ಬೇಗ ನೆಲದ ವೇಗ ಹೆಚ್ಚಿಸಿಕೊಳ್ಳಲಾರದು. ರೆಕ್ಕೆಯ ಮೇಲೆ ಹರಿಯುವ ಗಾಳಿಯ ವೇಗ 170ಕ್ಕೆ ಕುಸಿಯುತ್ತದೆ. ಅಂಥ ವಿಮಾನ ಗಾಳಿಯಲ್ಲಿ ನಿಲ್ಲಲು ಕನಿಷ್ಠ 200ರ ಆಸುಪಾಸು ಬೇಕು. ಮುಂದಿನದು ಹೇಳಬೇಕಿಲ್ಲ.

ಗುಡುಗು ಮೋಡದ ಅಡಿಯಲ್ಲಿ ಇಂಥದ್ದು ನಿಜವಾಗಿ ನಡೆಯುತ್ತದೆ. ಮಳೆ ಸುರಿಯುವಾಗ ಅದರೊಡನೆ ತಣ್ಣನೆಯ ಗಾಳಿಯೂ ರಭಸದಿಂದ ಕೆಳಗಿಳಿದು, ನೆಲಕ್ಕೆ ಬಡಿದು, ಸುತ್ತಲೂ ಚದುರುತ್ತದೆ. ಅಂಗಳದ ನಲ್ಲಿಯ ನೀರು ಸಿಮೆಂಟಿನ ಮೇಲೆ ಬಿದ್ದು ಎಲ್ಲ ದಿಕ್ಕಿಗೂ ಹರಡುವುದನ್ನು ನೆನಪಿಸಿಕೊಳ್ಳಿ. ನಾಲ್ಕು ಕಿಲೋಮೀಟರ್‌ಗಿಂತ ಕಡಿಮೆ ಅಗಲದ ಇಂಥ ಗಾಳಿಧಾರೆಗೆ ಮೈಕ್ರೋಬರ್ಸ್ಟ್ ಎಂದು ಹೆಸರು. ಕೆಲವೇ ನಿಮಿಷಗಳಲ್ಲಿ ಹುಟ್ಟಿ ಕೆಲವೇ ನಿಮಿಷಗಳಲ್ಲಿ ಮಾಯವಾಗುತ್ತದೆ.

ಇದರೊಳಗೆ ಹೊಕ್ಕ ವಿಮಾನಕ್ಕೆ ಮೊದಲು ಸಿಗುವುದು ಎದುರುಗಾಳಿ. ವೇಗ ಏರುತ್ತದೆ, ವಿಮಾನ ಇಳಿಯಬೇಕಾದ ಗೆರೆಗಿಂತ ಮೇಲೇಳುತ್ತದೆ. ಪೈಲಟ್ ಸಹಜವಾಗಿ ಎಂಜಿನ್ ತಗ್ಗಿಸುತ್ತಾರೆ, ಮೂತಿ ತುಸು ಕೆಳಗೆ ಮಾಡುತ್ತಾರೆ. ಅಷ್ಟರಲ್ಲಿ ಮೇಲಿನಿಂದ ಕೆಳಗಾಳಿ ಒತ್ತುತ್ತದೆ. ಅದನ್ನು ದಾಟುವಷ್ಟರಲ್ಲಿ ಬೆನ್ನಿನ ಗಾಳಿ. ಎಂಜಿನ್ ತಗ್ಗಿದೆ, ಮೂತಿ ಕೆಳಗಿದೆ, ವೇಗ ಹೋಗಿದೆ, ನೆಲ ಹತ್ತಿರದಲ್ಲಿದೆ. ಮೊದಲು ಕೊಟ್ಟು ಆಮೇಲೆ ಬಡ್ಡಿ ಸಮೇತ ಕಿತ್ತುಕೊಳ್ಳುವ ಸಾಲಗಾರನ ಹಾಗೆ ಈ ಗಾಳಿ.

1975ರ ಜೂನ್ 24ರಂದು ನ್ಯೂಯಾರ್ಕ್‌ನ ಕೆನಡಿ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದ ಈಸ್ಟರ್ನ್ ಏರ್‌ಲೈನ್ಸ್‌ನ 66ನೇ ಸಂಖ್ಯೆಯ ವಿಮಾನ ಹೀಗೆ ಬಿದ್ದು 113 ಮಂದಿ ಸತ್ತರು. ಷಿಕಾಗೊ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ, ಜಪಾನ್ ಮೂಲದ ಟೆಡ್ ಫುಜಿಟಾ ಇದರ ಹಿಂದೆ ಬಿದ್ದರು. ಬಿರುಗಾಳಿಗೆ ಉರುಳಿದ ಕಾಡಿನ ಮರಗಳು ಒಂದು ನಡುಬಿಂದುವಿನಿಂದ ಹೊರಕ್ಕೆ, ನಕ್ಷತ್ರದ ಕಿರಣಗಳಂತೆ ಬಿದ್ದಿದ್ದನ್ನು ಅವರು ಆಕಾಶದಿಂದ ನೋಡಿದ್ದರು. 1945ರಲ್ಲಿ ನಾಗಸಾಕಿ, ಹಿರೊಶಿಮಾಗಳ ಬಾಂಬ್ ಹಾನಿಯನ್ನು ಪರಿಶೀಲಿಸಿದ್ದ ಅವರಿಗೆ, ಮೇಲಿನಿಂದ ಬಂದ ಬಲ ನೆಲದ ಮೇಲೆ ಬಿಡುವ ಗುರುತು ಹೇಗಿರುತ್ತದೆ ಎಂಬುದು ಗೊತ್ತಿತ್ತು. ಅಷ್ಟು ಬಲವಾದ ಕೆಳಗಾಳಿ ನೆಲದವರೆಗೆ ಬರಲು ಸಾಧ್ಯವೇ ಎಂದು ಆಗ ಅನೇಕರು ಅನುಮಾನಪಟ್ಟರು. 1985ರ ಆಗಸ್ಟ್ 2ರಂದು ಅಮೆರಿಕದ ಡಲ್ಲಾಸ್‌ನಲ್ಲಿ ಡೆಲ್ಟಾ ಏರ್‌ಲೈನ್ಸ್‌ನ 191ನೇ ವಿಮಾನ ಮೈಕ್ರೋಬರ್ಸ್ಟ್‌ಗೆ ಸಿಕ್ಕು ನೆಲದಲ್ಲಿದ್ದ ಒಬ್ಬರೂ ಸೇರಿ 137 ಮಂದಿ ಸತ್ತ ಮೇಲೆ ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ಮೂತಿಯಲ್ಲಿ ಕೂತ ರಾಡಾರ್

ಅಲ್ಲಿಂದ ಮುಂದಿನದು ಎಂಜಿನಿಯರುಗಳ ಕಥೆ. ವಿಮಾನದ ಮೂತಿಯೊಳಗೆ ಹವಾಮಾನ ರಾಡಾರ್ ಮೊದಲೇ ಇತ್ತು. ಅದು ಮೋಡದಲ್ಲಿ ನೀರೆಷ್ಟಿದೆ ಎಂದು ಹೇಳುತ್ತಿತ್ತು. ಆ ಹನಿಗಳು ವಿಮಾನದ ಕಡೆಗೆ ಬರುತ್ತಿವೆಯೋ ದೂರ ಸರಿಯುತ್ತಿವೆಯೋ ಎಂದು ತಿಳಿಯಬೇಕಾದರೆ ಡಾಪ್ಲರ್ ತತ್ವ ಬೇಕು. ಹತ್ತಿರ ಬರುವ ಆಂಬುಲೆನ್ಸ್ ಸೈರನ್ ಕೀರಲಾಗಿಯೂ ನಮ್ಮನ್ನು ದಾಟಿದ ಮೇಲೆ ಗಡುಸಾಗಿಯೂ ಕೇಳುತ್ತದಲ್ಲ, ಅದೇ ತತ್ವ. ಮುಂದಿನ ಕೆಲವು ಕಿಲೋಮೀಟರ್‌ನಲ್ಲಿ ಒಂದಷ್ಟು ಹನಿಗಳು ನಮ್ಮತ್ತ ಓಡಿಬರುತ್ತಿವೆ, ಅದರಾಚೆಯವು ನಮ್ಮಿಂದ ದೂರ ಓಡುತ್ತಿವೆ ಎಂದರೆ ನಡುವೆ ಮೈಕ್ರೋಬರ್ಸ್ಟ್ ಇದೆ ಎಂದರ್ಥ.

ಕೇಳಲು ಸುಲಭ. ಆದರೆ ಇಳಿಯುವಾಗ ರಾಡಾರ್ ನೆಲದ ಕಡೆ ನೋಡುತ್ತಿರುತ್ತದೆ. ಕಟ್ಟಡಗಳು, ಹೆದ್ದಾರಿಯಲ್ಲಿ ಓಡುವ ಕಾರು, ಲಾರಿಗಳು ಎಲ್ಲವೂ ಪ್ರತಿಧ್ವನಿ ಕೊಡುತ್ತವೆ. ಓಡುವ ಲಾರಿಯನ್ನು ಗಾಳಿ ಎಂದುಕೊಂಡು ಕೂಗಿದರೆ ಏನು ಗತಿ? ಸಿಗ್ನಲ್ ಪ್ರೊಸೆಸಿಂಗ್ ಓದಿದ ನನಗೆ ಇಡೀ ಕಥೆಯಲ್ಲಿ ಹೆಚ್ಚು ಮೆಚ್ಚುಗೆಯಾದ ಭಾಗ ಈ ಗದ್ದಲವನ್ನು ಸೋಸಿ ಗಾಳಿಯನ್ನು ಮಾತ್ರ ಉಳಿಸಿಕೊಂಡಿದ್ದು. 1991 ಮತ್ತು 1992ರ ಬೇಸಿಗೆಯಲ್ಲಿ ನಾಸಾ ತನ್ನ ಬೋಯಿಂಗ್ 737 ವಿಮಾನವನ್ನು ಒರ್ಲ್ಯಾಂಡೊ, ಡೆನ್ವರ್‌ಗಳಲ್ಲಿ ಬೇಕೆಂದೇ ಮೈಕ್ರೋಬರ್ಸ್ಟ್‌ಗಳತ್ತ ಹಾರಿಸಿ ಈ ಉಪಕರಣಗಳನ್ನು ಪರೀಕ್ಷಿಸಿತು. 1994ರ ಹೊತ್ತಿಗೆ ಪ್ರಯಾಣಿಕ ವಿಮಾನಗಳಿಗೆ ಇಂಥ ರಾಡಾರ್ ಬಂತು.

ಇಂದು ನಾವು ಹತ್ತುವ ಏರ್‌ಬಸ್ 320, ಬೋಯಿಂಗ್ 737ರಂಥ ಜೆಟ್ ವಿಮಾನಗಳಲ್ಲಿ ಎರಡು ಬಗೆಯ ಎಚ್ಚರಿಕೆಗಳಿವೆ. ಒಂದು, ಮುಂದೆ ವಿಂಡ್‌ಶಿಯರ್ ಇದೆ ಎಂದು ಮುಂಚಿತವಾಗಿ ಹೇಳುವುದು. ಇನ್ನೊಂದು, ಈಗಾಗಲೇ ಅದರೊಳಗೆ ಹೊಕ್ಕಾಗಿದೆ ಎಂದು ಹೇಳುವುದು. ಮೊದಲನೆಯದರಲ್ಲೂ ಹಂತಗಳಿವೆ. ಅಪಾಯ ದೂರದಲ್ಲೋ ದಾರಿಯ ಪಕ್ಕದಲ್ಲೋ ಇದ್ದರೆ ಯಂತ್ರ ಸೌಮ್ಯವಾಗಿ ಗಮನ ಸೆಳೆಯುತ್ತದೆ. ಇಳಿಯುವ ದಾರಿಯಲ್ಲೇ ಇದ್ದರೆ ಕಾಕ್‌ಪಿಟ್‌ನಲ್ಲಿ ಧ್ವನಿ ಮೊಳಗುತ್ತದೆ: 'ಗೋ ಅರೌಂಡ್, ವಿಂಡ್‌ಶಿಯರ್ ಅಹೆಡ್'. ಅಂದರೆ ಮೇಲೇರು, ಮುಂದೆ ವಿಂಡ್‌ಶಿಯರ್ ಇದೆ.

ಈ ಮಾತಿನ ಜೋಡಣೆಯನ್ನು ಗಮನಿಸಿ. ಏನಾಗಿದೆ ಎಂಬುದು ಆಮೇಲೆ, ಏನು ಮಾಡಬೇಕು ಎಂಬುದು ಮೊದಲು. ಹೈಟೆಕ್ ಸಿಟಿಯಲ್ಲಿ ನನ್ನ ಹೊಟ್ಟೆಪಾಡು ನಡೆಯುವುದು ಸರ್ವರ್‌ಗಳ ಮೇಲೆ ಕಣ್ಣಿಡುವ ಎಚ್ಚರಿಕೆ ವ್ಯವಸ್ಥೆಯಿಂದ. ರಾತ್ರಿ ಎರಡು ಗಂಟೆಗೆ ಫೋನ್ ಬಡಿದುಕೊಂಡಾಗ ಪರದೆಯ ತುಂಬ ಕೆಂಪಕ್ಷರದ ಪುರಾಣ ಇರುತ್ತದೆ. ಅದರಲ್ಲಿ ಈಗ ಮಾಡಬೇಕಾದ್ದೇನು ಎಂದು ಹುಡುಕುವುದೇ ಅರ್ಧ ಗಂಟೆಯ ಕೆಲಸ. ದಿನಕ್ಕೆ ಐವತ್ತು ಸುಳ್ಳು ಎಚ್ಚರಿಕೆ ಬಂದರೆ ಐವತ್ತೊಂದನೆಯ ನಿಜವನ್ನು ಯಾರೂ ನಂಬುವುದಿಲ್ಲ. 'ತೋಳ ಬಂತು ತೋಳ' ಕಥೆ ನಮ್ಮ ಉದ್ಯೋಗದಲ್ಲಿ ದಿನಾ ನಡೆಯುತ್ತದೆ. ಕಾಕ್‌ಪಿಟ್‌ನಲ್ಲಿ ಅದಕ್ಕೆ ಅವಕಾಶವಿಲ್ಲ. ಅಪರೂಪಕ್ಕೆ ಕೂಗಬೇಕು, ಕೂಗಿದರೆ ಕೇಳಲೇಬೇಕು.

ಕೇಳಿದ ಪೈಲಟ್ ಮಾಡುವುದೇನು? ವಿಂಡ್‌ಶಿಯರ್‌ನೊಳಗೆ ಸಿಕ್ಕಿದ್ದರೆ ಎಂಜಿನ್‌ಗೆ ಪೂರ್ತಿ ಬಲ. ಮೂತಿ ಮೇಲಕ್ಕೆ, ಯಂತ್ರ ತೋರಿಸುವ ಗುರುತಿನಷ್ಟು. ಚಕ್ರ, ಫ್ಲಾಪ್‌ಗಳನ್ನು ಮುಟ್ಟುವಂತಿಲ್ಲ. ಗಾಳಿಯಿಂದ ಹೊರಬಂದ ಮೇಲಷ್ಟೇ ಅದರ ಮಾತು. ಒಬ್ಬರು ಹಾರಿಸುತ್ತಿದ್ದರೆ ಇನ್ನೊಬ್ಬರು ಎತ್ತರ, ವೇಗಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿರುತ್ತಾರೆ. ಇದನ್ನು ಅವರು ಸಿಮ್ಯುಲೇಟರ್‌ನಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿರುತ್ತಾರೆ. ಆ ಹೊತ್ತಿನಲ್ಲಿ ಯೋಚಿಸಿ ಮಾಡುವ ಕೆಲಸ ಅದಲ್ಲ.

ಏರ್‌ಬಸ್‌ನಲ್ಲಿ ಇನ್ನೊಂದು ಜಾಣತನವಿದೆ. ಇಳಿಯುವಾಗ ಎದುರುಗಾಳಿ ಜೋರಾದರೆ ಅದರ ಸಾಫ್ಟ್‌ವೇರ್ ಗುರಿಯ ವೇಗವನ್ನು ತಾನಾಗಿಯೇ ಹೆಚ್ಚಿಸಿಕೊಳ್ಳುತ್ತದೆ. ಈಗ ಸಿಕ್ಕ ಗಾಳಿ ನಾಳೆ ಕೈಕೊಡಬಹುದು, ನೆಲದ ವೇಗ ಒಂದು ಮಟ್ಟಕ್ಕಿಂತ ಇಳಿಯದಿರಲಿ ಎಂಬ ಲೆಕ್ಕಾಚಾರ. ಅಡಿಕೆಗೆ ಒಳ್ಳೆಯ ರೇಟು ಬಂದ ವರ್ಷ ಸ್ವಲ್ಪ ತೆಗೆದಿಡುವ ನಮ್ಮೂರ ಕೃಷಿಕರ ಬುದ್ಧಿ ಅದು.

ಬಜ್ಪೆಯಲ್ಲಿ ಅಂದು ಗಾಳಿಯೇ ಇರಲಿಲ್ಲ

ಇಷ್ಟೆಲ್ಲ ಹೇಳಿದ ಮೇಲೆ ಮಂಗಳೂರಿನ ಮಾತು ಬಾರದೆ ಇರದು. ಶಂಶಾಬಾದ್‌ನ ಮುಖ್ಯ ರನ್‌ವೇ 4,260 ಮೀಟರ್ ಉದ್ದ, ಸುತ್ತಲೂ ಬಯಲು. ಮಂಗಳೂರಿನದು 2,450 ಮೀಟರ್. ಗುಡ್ಡದ ತಲೆ ಕತ್ತರಿಸಿ ಮಾಡಿದ ಟೇಬಲ್‌ಟಾಪ್, ತುದಿಯಲ್ಲಿ ಕಣಿವೆ. ಮಳೆಗಾಲದಲ್ಲಿ ಸಮುದ್ರದ ಕಡೆಯಿಂದ ಬೀಸುವ ಗಾಳಿ ಗುಡ್ಡ ಕಣಿವೆಗಳಿಗೆ ಬಡಿದು ರನ್‌ವೇ ಅಂಚಿನಲ್ಲಿ ಸುಳಿಯುತ್ತದೆ.

ಆದರೆ 2010ರ ಮೇ 22ರ ಬೆಳಗ್ಗೆ ಗಾಳಿ ಶಾಂತವಾಗಿತ್ತು, ಮಳೆಯೂ ಇರಲಿಲ್ಲ, ರನ್‌ವೇ ಚೆನ್ನಾಗಿ ಕಾಣುತ್ತಿತ್ತು. ದುಬೈನಿಂದ 166 ಮಂದಿಯನ್ನು ಹೊತ್ತು ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ವಿಮಾನ ಇಳಿಯಬೇಕಾದ ಗೆರೆಗಿಂತ ತೀರಾ ಎತ್ತರದಲ್ಲಿತ್ತು. ಅದನ್ನು ಸರಿಪಡಿಸಲು ಅತಿ ವೇಗದಲ್ಲಿ ಕೆಳಗಿಳಿಸಲಾಯಿತು. ಯಂತ್ರ ಎಚ್ಚರಿಸಿತು. ಕೋ-ಪೈಲಟ್ ಒಂದಲ್ಲ, ಮೂರು ಬಾರಿ 'ಗೋ ಅರೌಂಡ್' ಎಂದರು. ಕ್ಯಾಪ್ಟನ್ ಇಳಿಸುವುದನ್ನು ಮುಂದುವರಿಸಿದರು. 8,000 ಅಡಿಯ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ದಾಟಿದ ಮೇಲೆ. ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಮಂದಿ ತೀರಿಕೊಂಡರು, ಉಳಿದದ್ದು ಎಂಟೇ ಜನ.

ನಾನಾಗ ಎಂಜಿನಿಯರಿಂಗ್ ಓದುತ್ತಿದ್ದೆ. ಕರಾವಳಿಯಲ್ಲಿ ಗಲ್ಫ್ ನಂಟಿಲ್ಲದ ಊರು ಹುಡುಕಿದರೂ ಸಿಗುವುದು ಕಷ್ಟ. ಅಂದು ಬೆಳಗ್ಗೆ ಮಂಗಳೂರಿನಿಂದ ಕಾಸರಗೋಡಿನವರೆಗೆ ಮನೆಮನೆಯಲ್ಲಿ ಒಂದೇ ಮಾತು: 'ನಮ್ಮವರು ಯಾರಾದರೂ ಅದರಲ್ಲಿ ಇದ್ದರಾ?' ಕೂಳೂರು ಬಳಿ ಫಲ್ಗುಣಿ ನದಿಯ ದಂಡೆಯಲ್ಲಿ ಸ್ಮಾರಕವಿದೆ. ಪ್ರತಿ ವರ್ಷ ಮೇ 22ರಂದು ಅಲ್ಲಿ ಹೂವಿಡುತ್ತಾರೆ.

ಹತ್ತು ವರ್ಷಗಳ ಬಳಿಕ, 2020ರ ಆಗಸ್ಟ್ 7ರ ರಾತ್ರಿ, ಕೋಯಿಕ್ಕೋಡ್‌ನಲ್ಲಿ ಇನ್ನೊಂದು ಟೇಬಲ್‌ಟಾಪ್. ಈ ಸಲ ಮಳೆಯೂ ಇತ್ತು, ಬೆನ್ನಿನ ಗಾಳಿಯೂ ಇತ್ತು. ಮೊದಲ ಯತ್ನದಲ್ಲಿ ಗೋ ಅರೌಂಡ್ ಮಾಡಿದ ವಿಮಾನ ಎರಡನೇ ಯತ್ನದಲ್ಲಿ ರನ್‌ವೇಯ ಅರ್ಧ ದಾಟಿ ನೆಲ ಮುಟ್ಟಿತು. ಅಲ್ಲೂ ಕೋ-ಪೈಲಟ್ 'ಗೋ ಅರೌಂಡ್' ಎಂದಿದ್ದರು ಎಂದು ತನಿಖಾ ವರದಿ ಹೇಳುತ್ತದೆ. 21 ಮಂದಿ ಸತ್ತರು.

ಎರಡೂ ಕಡೆ ಕೊರತೆಯಾದದ್ದು ಎಚ್ಚರಿಕೆಯಲ್ಲ. ಎಚ್ಚರಿಕೆ ಬಂದಿತ್ತು, ಅದೂ ಪಕ್ಕದಲ್ಲೇ ಕೂತ ಮನುಷ್ಯನ ಬಾಯಿಂದ.

ನೂರಕ್ಕೆ 97

ವಿಮಾನಯಾನದಲ್ಲಿ ಒಂದು ಸರಳ ನಿಯಮವಿದೆ. ಒಂದು ನಿಗದಿತ ಎತ್ತರಕ್ಕೆ, ಮೋಡವಿದ್ದರೆ ಸಾಮಾನ್ಯವಾಗಿ ಸಾವಿರ ಅಡಿಗೆ, ಬರುವಷ್ಟರಲ್ಲಿ ವೇಗ, ದಾರಿ, ಚಕ್ರ, ಫ್ಲಾಪ್ ಎಲ್ಲವೂ ಸರಿಯಾಗಿ ಕೂತಿರಬೇಕು. ಒಂದು ತಪ್ಪಿದ್ದರೂ ಚರ್ಚೆಯಿಲ್ಲ, ಮೇಲೇರಬೇಕು. ಇಬ್ಬರಲ್ಲಿ ಯಾರು ಹೇಳಿದರೂ ಸರಿ.

ಫ್ಲೈಟ್ ಸೇಫ್ಟಿ ಫೌಂಡೇಶನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇದನ್ನು ಅಧ್ಯಯನ ಮಾಡಿತು. ಹೀಗೆ ಸರಿಯಾಗಿ ಕೂರದೆ ಇಳಿಯತೊಡಗಿದ ವಿಮಾನಗಳಲ್ಲಿ ನೂರಕ್ಕೆ ಮೂರು ಮಾತ್ರ ಗೋ ಅರೌಂಡ್ ಮಾಡುತ್ತವಂತೆ. ಉಳಿದ 97 ಮುಂದುವರಿದು ಇಳಿದುಬಿಡುತ್ತವೆ. ಬಹುಪಾಲು ಏನೂ ಆಗುವುದಿಲ್ಲ, ಅದೇ ತೊಂದರೆ. ಹೆಲ್ಮೆಟ್ ಇಲ್ಲದೆ ಹತ್ತು ವರ್ಷ ಸ್ಕೂಟರ್ ಓಡಿಸಿದವನಿಗೆ ಹನ್ನೊಂದನೇ ವರ್ಷವೂ ಹೆಲ್ಮೆಟ್ ಬೇಡವೆನಿಸುತ್ತದೆ. ಪ್ರತಿ ಬಾರಿ ಪಾರಾದಾಗಲೂ ನಿಯಮ ಸ್ವಲ್ಪ ಸಡಿಲವಾಗುತ್ತದೆ.

ನೆಲ ಕಣ್ಣೆದುರೇ ಇದೆ. ಇಂಧನದ ಲೆಕ್ಕವಿದೆ. ಡ್ಯೂಟಿ ಅವಧಿ ಮುಗಿಯುತ್ತಾ ಬಂದಿದೆ. ಹಿಂದೆ ನೂರೆಂಬತ್ತು ಜನ ಮೊಬೈಲ್ ಆನ್ ಮಾಡಲು ಕಾಯುತ್ತಿದ್ದಾರೆ. ಇಂಥ ಹೊತ್ತಲ್ಲಿ ಬೇಡ ಎನ್ನುವುದಕ್ಕಿಂತ ಆಗಲಿ ಎನ್ನುವುದೇ ಸುಲಭ. ವಿಂಡ್‌ಶಿಯರ್ ಆದರೆ ಯಂತ್ರ ಕೂಗುತ್ತದೆ. ಒಳಗಿನ ಈ ಎಳೆತಕ್ಕೆ ಯಾವ ರಾಡಾರೂ ಇಲ್ಲ.

2024ರ ನವೆಂಬರ್ 30ರಂದು ಫೆಂಜಲ್ ಚಂಡಮಾರುತದ ಹೊತ್ತಿನಲ್ಲಿ ಚೆನ್ನೈನಲ್ಲಿ ಇಳಿಯಲು ಬಂದ ಇಂಡಿಗೊ ವಿಮಾನವೊಂದು ರನ್‌ವೇ ಮೇಲೆ ಓಲಾಡಿ, ಕೊನೆಯ ಗಳಿಗೆಯಲ್ಲಿ ಮೇಲೇರಿದ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ನಮ್ಮ ಮನೆ ಗ್ರೂಪಿನಲ್ಲಿ 'ದೇವರು ದೊಡ್ಡವನು' ಎಂಬ ಒಕ್ಕಣೆಯೊಂದಿಗೆ ಬಂತು. ಇರಬಹುದು. ಕೊನೆಯ ಗಳಿಗೆಯಲ್ಲೂ ಬೇಡ ಎಂದ ಇಬ್ಬರು ಮನುಷ್ಯರಿಗೂ ಅದರಲ್ಲಿ ಪಾಲಿದೆ.

ಬೆಳ್ತಂಗಡಿಯ ಸಹಪ್ರಯಾಣಿಕ

ಬೇಡ ಎನ್ನುವುದಕ್ಕೆ ಬೆಲೆ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅದರ ಬೆಲೆ ಎಷ್ಟೆಂದು ಕಳೆದ ಜುಲೈಯಲ್ಲಿ ಕಣ್ಣಾರೆ ನೋಡಿದೆ. ಹೈದರಾಬಾದ್‌ನಿಂದ ಮಂಗಳೂರಿಗೆ ಹೊರಟಿದ್ದೆ. ಪಕ್ಕದ ಸೀಟಿನಲ್ಲಿ ಸಿಕಂದರಾಬಾದ್‌ನ ಹೋಟೆಲ್ ಒಂದರಲ್ಲಿ ಕೆಲಸ ಮಾಡುವ ಬೆಳ್ತಂಗಡಿ ಕಡೆಯವರು. ತಂದೆ ಬೆಳಗಿನ ಜಾವ ತೀರಿಕೊಂಡಿದ್ದರು. ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿದ್ದರು, ಹೋಟೆಲ್ ಮಾಲೀಕರೇ ಟಿಕೆಟ್ ಮಾಡಿಸಿ ಕೊಟ್ಟಿದ್ದರಂತೆ. 'ನಾಲ್ಕು ಗಂಟೆವರೆಗೆ ಕಾಯ್ತಾರೆ ಸರ್. ನಾನು ಮುಟ್ಟಿದ ಮೇಲೆಯೇ ತೆಗೀಲಿಕ್ಕೆ ಹೇಳಿದ್ದೇನೆ' ಎಂದಿದ್ದರು.

ಬಜ್ಪೆಯ ಮೇಲೆ ಮಳೆ ಹಿಡಿದಿತ್ತು. ಒಮ್ಮೆ ಇಳಿಯಲು ಹೋಗಿ ಮೇಲೇರಿತು. ಸುತ್ತು ಹೊಡೆದು, ಕಾದು, ಮತ್ತೆ ಬಂತು. ಕೆಂಪು ಹೆಂಚಿನ ಮಾಡುಗಳು, ತೆಂಗಿನ ತಲೆಗಳು ಕಾಣಿಸುವಷ್ಟು ಕೆಳಗೆ ಬಂದು ಮತ್ತೆ ಮೇಲೇರಿತು. ಸ್ವಲ್ಪ ಹೊತ್ತಿನ ನಂತರ ಕ್ಯಾಪ್ಟನ್ ಧ್ವನಿ: ರನ್‌ವೇ ಬಳಿ ಗಾಳಿ, ಮಳೆ ಇಳಿಯಲು ಅನುಕೂಲವಾಗಿಲ್ಲ, ಬೆಂಗಳೂರಿಗೆ ಹೋಗುತ್ತಿದ್ದೇವೆ.

ಗಲಾಟೆ ಎದ್ದಿತು. 'ರನ್‌ವೇ ಕಾಣ್ತಾ ಇತ್ತಲ್ಲ, ಇಳಿಸ್ಲಿಕ್ಕೆ ಏನಾಗಿತ್ತು?' 'ಇನ್ನೊಂದ್ಸಲ ಟ್ರೈ ಮಾಡ್ಬಹುದಿತ್ತು.' 'ಮದುವೆ ಇದೆ ಮಾರಾಯ್ರೇ, ನಾಡಿದ್ದು.' ಗಗನಸಖಿಯರು ಒಬ್ಬೊಬ್ಬರಿಗೇ ಸಮಾಧಾನ ಹೇಳುತ್ತಿದ್ದರು. ಪಕ್ಕದವರು ಮಾತ್ರ ಏನೂ ಹೇಳದೆ ಕಿಟಕಿಯಾಚೆಯ ಬಿಳಿ ಮೋಡ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, 'ಬೆಂಗಳೂರಿಂದ ಬಸ್ಸಿನಲ್ಲಿ ಎಷ್ಟು ಹೊತ್ತು ಸರ್?' ಎಂದರು. ಶಿರಾಡಿ ಘಾಟಿ ಸರಿಯಿದ್ದರೂ ಏಳೆಂಟು ಗಂಟೆ. ಅದು ಅವರಿಗೂ ಗೊತ್ತಿತ್ತು.

ಬೆಂಗಳೂರಿನಲ್ಲಿ ಚಕ್ರ ನೆಲ ಮುಟ್ಟಿದ ಕೂಡಲೇ ಅಣ್ಣನಿಗೆ ಫೋನ್ ಮಾಡಿದರು. 'ಅಣ್ಣಾ, ಬೆಂಗಳೂರಲ್ಲಿ ಇಳಿಸಿದ್ರು. ಕಾಯ್ಬೇಡಿ. ಮುಗಿಸಿ.' ಅಷ್ಟೇ. ಹಿಂದಿನ ಸಾಲಿನಲ್ಲಿ ಜೋರು ಮಾಡುತ್ತಿದ್ದವರು ಸುಮ್ಮನಾದರು. ಮದುವೆಗೆ ಹೊರಟಿದ್ದವರು ಎದ್ದು ಅವರ ಬ್ಯಾಗು ಕೆಳಗಿಳಿಸಿ ಕೊಟ್ಟರು.

ಆ ದಿನದಿಂದ ಒಂದು ಯೋಚನೆ ತಲೆಯಲ್ಲಿದೆ. ತನ್ನ ವಿಮಾನದಲ್ಲಿ ತಂದೆಯ ಮುಖ ನೋಡಲು ಹೊರಟ ಮಗನೊಬ್ಬ ಇದ್ದಾನೆ ಎಂದು ಆ ಕ್ಯಾಪ್ಟನ್‌ಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮೂರನೇ ಬಾರಿ ಯತ್ನಿಸುತ್ತಿದ್ದರೇ? ಒಳ್ಳೆಯ ಮನುಷ್ಯನಿಗೆ ಹಾಗೆ ಅನ್ನಿಸದೆ ಇರದು. ಅದಕ್ಕೇ ಈ ತೀರ್ಮಾನದಲ್ಲಿ ನಮ್ಮ ಕಾರಣಗಳಿಗೆ ಜಾಗ ಇಟ್ಟಿಲ್ಲ. ಸಂದರ್ಶನ, ಮದುವೆ, ಹೆರಿಗೆ, ಸಾವು, ಎಲ್ಲವೂ ಕಾಕ್‌ಪಿಟ್ ಬಾಗಿಲಿನ ಹೊರಗೆ. ಒಳಗೆ ಇರುವುದು ಗಾಳಿ, ವೇಗ, ಎತ್ತರ, ಇಂಧನ ಮಾತ್ರ. ಕೇಳಲು ಕಠಿಣ ಎನಿಸುತ್ತದೆ. ಆದರೆ ಒಬ್ಬರ ದುಃಖಕ್ಕೆ ಕರಗಿ ಉಳಿದವರ ಜೀವ ಪಣಕ್ಕಿಡದಂತೆ ಮಾಡಿದ ಏರ್ಪಾಡು ಅದು. ಹಾಗೆಂದು ಆ ಮನುಷ್ಯನ ನಷ್ಟ ಸಣ್ಣದಾಗುವುದಿಲ್ಲ. ಎರಡೂ ನಿಜ.

ಅಂದು ರಾತ್ರಿ ಬಸ್ಸಿನಲ್ಲಿ ಕೂತು ಮನೆಗೆ ಫೋನ್ ಮಾಡಿದಾಗ ಅಮ್ಮ, 'ಎಂತ ಮಗಾ, ಹೈದರಾಬಾದಿಂದ ಇಲ್ಲಿಗೆ ಬರ್ಲಿಕ್ಕೆ ಬೆಂಗಳೂರಿಗೆ ಹೋಗ್ಬೇಕಾ?' ಎಂದು ನಕ್ಕರು. ಆಮೇಲೆ ಒಂದು ಗಳಿಗೆ ಸುಮ್ಮನಿದ್ದು, 'ಇರ್ಲಿ. ನಾಳೆ ಬೆಳಿಗ್ಗೆ ಬಂದ್ರೂ ಸಾಕು, ಬಂದ್ರೆ ಸಾಕು' ಎಂದರು. 2010ನ್ನು ಕಂಡ ಜಿಲ್ಲೆಯ ತಾಯಂದಿರ ಮಾತು ಅದು.

ನಾವು ಮಾಡಬಹುದಾದದ್ದು

ಗಾಳಿ ನಮ್ಮ ಕೈಯಲ್ಲಿಲ್ಲ, ವಿಮಾನವೂ ಇಲ್ಲ. ಆದರೂ ಊರಿಗೆ ಓಡಾಡುವವರು ನೆನಪಿಡಬಹುದಾದ ನಾಲ್ಕು ಮಾತುಗಳಿವೆ.

ಏಪ್ರಿಲ್‌ನಿಂದ ಜೂನ್ ಆರಂಭದವರೆಗೆ, ಅಂದರೆ ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ ಮಳೆಗಳ ಕಾಲದಲ್ಲಿ, ದಕ್ಕನ್‌ನ ಗುಡುಗು ಮೋಡ ಹೆಚ್ಚಾಗಿ ಕಟ್ಟುವುದು ಮಧ್ಯಾಹ್ನದ ಮೇಲೆ. ಸಾಧ್ಯವಿದ್ದರೆ ಬೆಳಗಿನ ವಿಮಾನ ಹಿಡಿಯಿರಿ. ಮಳೆಗಾಲದಲ್ಲಿ ಕರಾವಳಿಗೆ ಹೋಗುವವರು ಮುಹೂರ್ತದ ದಿನವೇ ತಲುಪುವ ಹಾಗೆ ಟಿಕೆಟ್ ಮಾಡದೆ, ಒಂದು ದಿನ ಮುಂಚೆ ಹೊರಡಿ.

ಬೆಲ್ಟ್ ದೀಪ ಆರಿದ್ದರೂ ಕೂತಿರುವಷ್ಟು ಹೊತ್ತು ಬೆಲ್ಟ್ ಇರಲಿ, ಸ್ವಲ್ಪ ಸಡಿಲವಾಗಿ. ಮಡಿಲಲ್ಲಿ ಮಗುವಿದ್ದರೆ ಮಗುವಿನ ಬೆಲ್ಟ್ ಕೇಳಿ ಪಡೆದುಕೊಳ್ಳಿ. ಇಳಿಯುವಾಗ ಲ್ಯಾಪ್‌ಟಾಪ್ ಮಡಿಲ ಮೇಲೆ ಬೇಡ, ಎಷ್ಟೇ ಅರ್ಜೆಂಟ್ ಮೇಲ್ ಇದ್ದರೂ.

ಧಡ್ ಎಂದು ಇಳಿದ ಮಾತ್ರಕ್ಕೆ ಪೈಲಟ್‌ಗೆ ಕೆಲಸ ಬರುವುದಿಲ್ಲ ಎಂದುಕೊಳ್ಳಬೇಡಿ. ಒದ್ದೆ ರನ್‌ವೇಯಲ್ಲಿ ಗಟ್ಟಿಯಾಗಿ ಊರಿ ಇಳಿಸುವುದೇ ಸರಿಯಾದ ಕ್ರಮ. ಟೈರು ನೀರಿನ ಪದರವನ್ನು ಸೀಳಿ ನೆಲ ಹಿಡಿಯಬೇಕು, ಬ್ರೇಕ್ ಬೇಗ ಕೆಲಸ ಮಾಡಬೇಕು. ಹತ್ತಿಯ ಮೇಲಿಟ್ಟಂತೆ ಇಳಿಸಲು ಹೋದರೆ ರನ್‌ವೇ ಖರ್ಚಾಗುತ್ತದೆ. ಮಂಗಳೂರಿನಲ್ಲಿ ಖರ್ಚು ಮಾಡಲು ರನ್‌ವೇ ಜಾಸ್ತಿ ಇಲ್ಲ.

ಇನ್ನು, ನೆಲ ಹತ್ತಿರ ಬಂದಾಗ ಎಂಜಿನ್ ಆರ್ಭಟಿಸಿ ವಿಮಾನ ಮೇಲೇರಿದರೆ ಪಕ್ಕದಲ್ಲಿ ಹೆದರಿ ಕೂತವರಿಗೆ ಒಂದು ಮಾತು ಹೇಳಿ. ಇದಕ್ಕೆ ಗೋ ಅರೌಂಡ್ ಎನ್ನುತ್ತಾರೆ, ಇದು ಅವರು ಕಲಿತ ಪಾಠ, ಎರಡು ನಿಮಿಷದಲ್ಲಿ ಕ್ಯಾಪ್ಟನ್ ಮಾತಾಡುತ್ತಾರೆ ಎಂದು. ಮೊದಲ ಕೆಲವು ನಿಮಿಷ ಯಾವ ಪ್ರಕಟಣೆಯೂ ಬಾರದಿದ್ದರೆ ಗಾಬರಿ ಬೇಡ. ಆಗ ಅವರಿಬ್ಬರಿಗೂ ಕೈತುಂಬ ಕೆಲಸವಿರುತ್ತದೆ, ನಮ್ಮೊಡನೆ ಮಾತಾಡುವುದು ಅದರಲ್ಲಿ ಕೊನೆಯದು.

ವಿಮಾನ ಬೇರೆ ಊರಲ್ಲಿ ಇಳಿದಾಗ ಕೌಂಟರ್‌ನಲ್ಲಿ ಊಟ, ಬಸ್ಸು, ಮುಂದಿನ ವಿಮಾನದ ಬಗ್ಗೆ ಧಾರಾಳವಾಗಿ ಕೇಳಿ, ಜೋರಾಗಿಯೇ ಕೇಳಿ. 'ಯಾಕೆ ಇಳಿಸಲಿಲ್ಲ' ಎಂಬ ಒಂದು ಪ್ರಶ್ನೆಯನ್ನು ಮಾತ್ರ ಬಿಟ್ಟುಬಿಡಿ. ವಿಮಾನದಿಂದ ಇಳಿಯುವಾಗ ಬಾಗಿಲ ಬಳಿ ಪೈಲಟ್ ಕಂಡರೆ ಒಂದು ನಮಸ್ಕಾರ ಹೇಳಿ ಮುಂದೆ ನಡೆಯಿರಿ. ಬೇಡ ಎಂದವರಿಗೆ ಚಪ್ಪಾಳೆ ಸಿಗುವುದು ಅಪರೂಪ.